ಹಕ್ಕಿಯೆದುರು ಅಡಗಿ ಕುಳಿತವನು

ಕಳೆದ ಬೇಸಗೆಯ ಒಂದು ಮುಂಜಾನೆ ನಮ್ಮೂರ ಕೆರೆಯಂಗಳದಲ್ಲಿ ಅಡ್ಡಾಡುತ್ತಿದ್ದೆ. ನೀರು ಹಿಂದೆ ಸರಿದು ಕೆರೆಯ ಮುಕ್ಕಾಲು ಪಾಲು ಬಿರುಕುಬಿಟ್ಟ ನೆಲವಾಗಿತ್ತು. ಇದ್ದಕ್ಕಿದ್ದಂತೆ ಒಂದು ಜೊತೆ ಟಿಟ್ಟಿಭಗಳು ನನ್ನ ತಲೆಯ ಮೇಲೆ ಸುತ್ತುತ್ತ ಕಿರಿಚತೊಡಗಿದವು. ಸಮೀಪದಲ್ಲಿಯೇ ಮೊಟ್ಟೆಗಳಿರಬೇಕೆಂದು ತಿಳಿಯಿತು. ಎಲ್ಲಿ ಎಂಬುದು ತಿಳಿಯಲಿಲ್ಲ. ಹೆಜ್ಜೆ ಎತ್ತಿದರೆ ಎಲ್ಲಿ ತುಳಿದುಬಿಡುವೆನೋ ಎಂದು ನಿಂತಲ್ಲಿಯೇ ನಿಂತು, ಕಣ್ಣನ್ನು ನೆಲದ ಮೇಲೆ ಅಂಗುಲ ಅಂಗುಲವಾಗಿ ಸರಿಸುತ್ತ ಕಾಲು ಗಂಟೆ ಕಳೆದ ಮೇಲೆ, ಎಡಗಾಲಿನಿಂದ ಒಂದು ಮಾರು ದೂರದಲ್ಲಿ, ಅದುವರೆಗೆ ಬರಿಯ ಕಲ್ಲುಗಳಾಗಿದ್ದ ನಾಲ್ಕು ಉಂಡೆಗಳು ಒಮ್ಮೆಗೇ ಮೊಟ್ಟೆಗಳಾದವು. ಕೈಯಲ್ಲಿದ್ದ ಮೊಬೈಲಿನಿಂದ ಒಂದು ಚಿತ್ರ ತೆಗೆದುಕೊಂಡು ಬಂದ ದಾರಿಯಲ್ಲಿಯೇ ಹಿಂದಿರುಗಿದೆ. ಮನೆಯಲ್ಲಿ ಚಿತ್ರವನ್ನು ತೋರಿಸಿದರೆ ಯಾರಿಗೂ ಅದರಲ್ಲಿ ನೆಲದ ಹೊರತು ಮತ್ತೇನೂ ಕಾಣಲಿಲ್ಲ. ಕೆರೆಯ ಮಣ್ಣನ್ನು ಏಕೆ ತೆಗೆದಿರಿ ಎಂದು ಕೇಳಿದರು.

ಅಂದು ನನಗೆ ನೆನಪಾದವನು ರಿಚರ್ಡ್ ಕಿಯರ್ಟನ್. ಎಂ.ಎ. ಓದುತ್ತಿದ್ದ ಕಾಲದಲ್ಲಿ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕವನ್ನು ಚಿತ್ರಗಳ ಆಸೆಗಾಗಿ ಕೊಂಡಿದ್ದೆ. ಪಂಪನ ಬನವಾಸಿಯ ಕೋಗಿಲೆ ದುಂಬಿಗಳ ನಡುವೆ ದಿನ ಕಳೆಯುತ್ತಿದ್ದ ನನಗೆ, ಯಾರ್ಕ್‌ಷೈರಿನ ಗುಡ್ಡಗಳಲ್ಲಿ ಹಕ್ಕಿಗಳ ಹಿಂದೆ ಅಲೆದ ಈ ಕುಂಟನೊಬ್ಬನ ಕಥೆ ಹೇಗೋ ಮನಸ್ಸಿಗೆ ಅಂಟಿಕೊಂಡಿತು. ತನ್ನ ಕಾಲದಲ್ಲಿ ಬ್ರಿಟನ್ನಿನ ಮನೆಮನೆಗೂ ಪರಿಚಿತನಾಗಿದ್ದ ಈತನ ಹೆಸರು ಈಗ ಆ ದೇಶದಲ್ಲಿಯೂ ಅಷ್ಟಾಗಿ ಕೇಳಿಬರುವುದಿಲ್ಲ.

ರಿಚರ್ಡನು ಹುಟ್ಟಿದುದು 1862ರ ಜನವರಿ 2ರಂದು, ಉತ್ತರ ಇಂಗ್ಲೆಂಡಿನ ಸ್ವೇಲ್‌ಡೇಲ್ ಕಣಿವೆಯ ತ್ವೇಟ್ ಎಂಬ ಪುಟ್ಟ ಹಳ್ಳಿಯಲ್ಲಿ. ಕುರಿ ಸಾಕುವವರ, ಸೀಸದ ಗಣಿಗಳಲ್ಲಿ ದುಡಿಯುವವರ ಸೀಮೆ ಅದು. ಮನೆತನದವರು ಬೇಸಾಯದೊಡನೆ ಬೇಟೆಯ ಬಯಲುಗಳ ಕಾವಲನ್ನೂ ನೋಡಿಕೊಳ್ಳುತ್ತಿದ್ದವರು. ಆ ಗುಡ್ಡಗಳ ಮೇಲೆ ಮೊಣಕಾಲೆತ್ತರದ ಹೆದರ್ ಪೊದೆಗಳು ಹಬ್ಬಿರುತ್ತವೆ. ಅದರೊಳಗೆ ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿ. ಹೆಣ್ಣು ಗ್ರೌಸ್ ಮೊಟ್ಟೆಯ ಮೇಲೆ ಕುಳಿತಾಗ ಅದರ ಕಂದುಪಟ್ಟೆಗಳ ಮೈ ಒಣಗಿದ ಹೆದರ್ ಕಡ್ಡಿಗಳೊಡನೆ ಒಂದಾಗಿಬಿಡುತ್ತದೆ. ಎಡವಿ ಬೀಳುವ ತನಕ ಅದು ಅಲ್ಲಾಡುವುದಿಲ್ಲ. ಹಕ್ಕಿಯನ್ನು ನೋಡುವ ವಿದ್ಯೆಯನ್ನು ಹುಡುಗನು ಕಲಿತುದು ಇಂಥ ಪಾಠಶಾಲೆಯಲ್ಲಿ. ಆ ವಿದ್ಯೆಗೆ ಆತನು ತೆತ್ತ ಶುಲ್ಕವೂ ಸಣ್ಣದಲ್ಲ. ಎಳೆಯ ವಯಸ್ಸಿನಲ್ಲಿಯೇ ಗೂಡು ಹುಡುಕಲು ಹೋಗಿ ಬಿದ್ದು ಸೊಂಟದ ಕೀಲಿಗೆ ಪೆಟ್ಟಾಯಿತು. ಆ ಕಾಲು ಮತ್ತೆ ಸರಿಹೋಗಲಿಲ್ಲ. ಬದುಕಿನುದ್ದಕ್ಕೂ ಆತನು ಕುಂಟುತ್ತಲೇ ನಡೆದನು.

ಆ ಸೀಮೆಯ ಜನರಿಗೆ ಹಕ್ಕಿಗಳ ವಿಷಯದಲ್ಲಿ ಗೊತ್ತಿದ್ದುದು ಬಹಳ, ನಂಬಿದ್ದುದೂ ಬಹಳ. ಬೇಸಗೆಯಲ್ಲಿ ಕೂಗುವ ಕುಕ್ಕೂ ಹಕ್ಕಿ, ನಮ್ಮ ಕೋಗಿಲೆಯ ದೂರದ ನೆಂಟ, ಚಳಿಗಾಲದಲ್ಲಿ ಡೇಗೆಯಾಗಿ ಮಾರ್ಪಡುವುದೆಂದು ಇಂಗ್ಲೆಂಡಿನ ಹಳ್ಳಿಗರು ಹೇಳುತ್ತಿದ್ದರು. ಅರಿಸ್ಟಾಟಲನೇ ಅಲ್ಲಗಳೆದಿದ್ದ ಈ ಮಾತು ಎರಡು ಸಾವಿರ ವರ್ಷಗಳ ಮೇಲೂ ಜೀವ ಹಿಡಿದುಕೊಂಡಿತ್ತು. ಶರತ್ಕಾಲದಲ್ಲಿ ಉತ್ತರ ಸಮುದ್ರವನ್ನು ದಾಟಿ ಬರುವ ಗೋಲ್ಡ್‌ಕ್ರೆಸ್ಟ್ ಎಂಬ ಹೆಬ್ಬೆರಳ ಗಾತ್ರದ ಹಕ್ಕಿಯು ವುಡ್‌ಕಾಕ್ ಹಕ್ಕಿಯ ಬೆನ್ನೇರಿ ಬರುತ್ತದೆಂದು ಕರಾವಳಿಯವರು ನಂಬಿ, ಅದಕ್ಕೆ ವುಡ್‌ಕಾಕಿನ ದಾರಿಗಾರನೆಂದೇ ಹೆಸರಿಟ್ಟಿದ್ದರು. ಸ್ವೇಲ್‌ಡೇಲಿನ ದಕ್ಷಿಣಕ್ಕಿರುವ ನಿಡರ್‌ಡೇಲ್ ಕಣಿವೆಯಲ್ಲಿ, ಕತ್ತಲಾದ ಮೇಲೆ ಗುಡ್ಡದ ಕಡೆಯಿಂದ ಕೇಳಿಬರುವ ನತ್ತಿಂಗದ ದನಿಯು ಜ್ಞಾನಸ್ನಾನವಾಗದೆ ಸತ್ತ ಕೂಸುಗಳ ಆತ್ಮದ ದನಿ ಎಂದು ತಾಯಂದಿರು ಅಂಜುತ್ತಿದ್ದರು. ಬುಡಬುಡಿಕೆಯವನು ಬೆಳಗಿನ ಜಾವ ಬಾಗಿಲಲ್ಲಿ ನಿಂತು ಹಾಲಕ್ಕಿ ನುಡಿದುದನ್ನು ಹೇಳುವ ನಾಡಿನಲ್ಲಿ ಬೆಳೆದ ನಾವು ಇದನ್ನು ಕೇಳಿ ನಗಬೇಕಾಗಿಲ್ಲ. ಟಿಟ್ಟಿಭವು ಕಾಲು ಮೇಲೆ ಮಾಡಿ ಮಲಗುವುದು ಆಕಾಶ ಬೀಳದಂತೆ ತಡೆಯುವುದಕ್ಕೆ ಎಂದು ನಮ್ಮ ದೇಶದಲ್ಲಿ ಎಷ್ಟು ಕಾಲದಿಂದ ಹೇಳುತ್ತ ಬಂದಿಲ್ಲ! ಅದು ಮಲಗುವುದನ್ನು ಕಂಡವರಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಕಿಯರ್ಟನ್ನನ ಬದುಕು ತಿರುಗಿದುದು ಒಂದು ಕೂಗಿನಿಂದ. 1882ರಲ್ಲಿ ಲಂಡನ್ನಿನ ಕ್ಯಾಸೆಲ್ ಪ್ರಕಾಶನ ಸಂಸ್ಥೆಯ ಸಿಡ್ನಿ ಗ್ಯಾಲ್ಪಿನ್ ಎಂಬುವರು ಗ್ರೌಸ್ ಬೇಟೆಗೆಂದು ಆ ಗುಡ್ಡಗಳಿಗೆ ಬಂದಿದ್ದರು. ಇಪ್ಪತ್ತರ ಹರೆಯದ ಕುಂಟ ಹುಡುಗನೊಬ್ಬನು ಪೊದೆಯ ಮರೆಯಲ್ಲಿ ಕುಳಿತು ಗ್ರೌಸಿನ ಕೂಗನ್ನು ಕೂಗಿ, ಹಕ್ಕಿಯನ್ನೇ ಮೋಸಗೊಳಿಸಿ ಹತ್ತಿರಕ್ಕೆ ಕರೆದುದನ್ನು ಕಂಡು ಬೆರಗಾದರು. ಲಂಡನ್ನಿಗೆ ಬಂದರೆ ತಮ್ಮ ಸಂಸ್ಥೆಯಲ್ಲಿ ಕೆಲಸ ಕೊಡುವುದಾಗಿ ಹೇಳಿದರು. ಹಕ್ಕಿಯ ಕೂಗು ಬಲ್ಲವನಿಗೆ ಪುಸ್ತಕದ ಅಂಗಡಿಯಲ್ಲಿ ಏನು ಕೆಲಸ ಎಂದು ಊರವರು ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ರಿಚರ್ಡನು ಹೋದನು. ಕೆಲವು ವರ್ಷಗಳಲ್ಲಿ ಒಂಬತ್ತು ವರ್ಷ ಕಿರಿಯನಾದ ತಮ್ಮ ಚೆರಿಯೂ ಅದೇ ಸಂಸ್ಥೆಯನ್ನು ಸೇರಿದನು. ವಾರವೆಲ್ಲ ಕಚೇರಿ, ಬಿಡುವಿನ ದಿನಗಳಲ್ಲಿ ಪಟ್ಟಣದ ಹೊರಗಿನ ಬೇಲಿಸಾಲು, ಹೊಲ, ತೋಪು.

1892ರ ಏಪ್ರಿಲಿನಲ್ಲಿ ಲಂಡನ್ನಿನ ಹೊರವಲಯದಲ್ಲಿ ರಿಚರ್ಡನಿಗೆ ಒಂದು ಥ್ರಷ್ ಹಕ್ಕಿಯ ಗೂಡು ಮೊಟ್ಟೆಗಳೊಡನೆ ಕಂಡಿತು. ಅದರ ಚಿತ್ರ ತೆಗೆಯುವಂತೆ ತಮ್ಮನಿಗೆ ಹೇಳಿದನು. ಇಂದು ಇದು ಹೇಳುವಂಥ ಸಂಗತಿಯಾಗಿ ತೋರದು. ಆದರೆ ಆ ಕಾಲದಲ್ಲಿ ಹಕ್ಕಿಯ ಪುಸ್ತಕಗಳ ಚಿತ್ರಗಳೆಲ್ಲ ಚಿತ್ರಕಾರನ ಕೈಬರಹಗಳು. ಅವುಗಳಿಗೆ ಮಾದರಿ ಗುಂಡಿಗೆ ಬಿದ್ದು ಹುಲ್ಲು ತುಂಬಿಸಿಕೊಂಡು ಗಾಜಿನ ಪೆಟ್ಟಿಗೆಯಲ್ಲಿ ನಿಂತ ಹಕ್ಕಿ. ಗೂಡನ್ನು ಅದರ ಕೊಂಬೆಯಿಂದ ಕೀಳದೆ, ಮೊಟ್ಟೆಯನ್ನು ಗೂಡಿನಿಂದ ತೆಗೆಯದೆ, ಇದ್ದುದನ್ನು ಇದ್ದಲ್ಲಿಯೇ ಇದ್ದಂತೆಯೇ ತೋರಿಸಬಹುದೆಂಬುದು ಅಣ್ಣತಮ್ಮಂದಿರಿಗೆ ಆ ದಿನ ಹೊಳೆಯಿತು. ಮೂರು ವರ್ಷಗಳ ಅಲೆದಾಟದ ಫಲವಾಗಿ 1895ರಲ್ಲಿ ‘ಬ್ರಿಟಿಷ್ ಬರ್ಡ್ಸ್ ನೆಸ್ಟ್ಸ್’ ಪ್ರಕಟವಾಯಿತು. ಬರಹ ಅಣ್ಣನದು, ಚಿತ್ರ ತಮ್ಮನದು. ಪೂರ್ತಿಯಾಗಿ ಛಾಯಾಚಿತ್ರಗಳಿಂದಲೇ ಕೂಡಿದ ಹಕ್ಕಿಗೂಡುಗಳ ಮೊದಲ ಪುಸ್ತಕವೆಂಬ ಕೀರ್ತಿ ಅದಕ್ಕೆ ಸಂದಿತು. ಗೂಡುಗಳನ್ನು ಹೇಗೆ, ಎಲ್ಲಿ, ಯಾವಾಗ ಹುಡುಕಬೇಕೆಂಬುದನ್ನು ತಿಳಿಸಿಕೊಡುವುದಾಗಿ ಅದರ ಉಪಶೀರ್ಷಿಕೆಯೇ ಸಾರುತ್ತದೆ. ಮೊಟ್ಟೆ ಕೂಡಿಡುವ ಹವ್ಯಾಸ ಹುಚ್ಚಿನ ಮಟ್ಟಕ್ಕೆ ಏರಿದ್ದ ದೇಶದಲ್ಲಿ ಅಂಥ ಪುಸ್ತಕ ಯಾರ ಯಾರ ಕೈಗೆ ಸೇರಿದ್ದೀತೆಂದು ನೆನೆದರೆ ನನಗೆ ಕಸಿವಿಸಿಯಾಗುತ್ತದೆ. ಕಾಡುಹಕ್ಕಿಗಳ ಮೊಟ್ಟೆ ಕದಿಯುವುದು ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಅಪರಾಧವಾದುದು 1954ರ ಕಾನೂನಿನ ಮೇಲೆ.

ಇನ್ನು ಕ್ಯಾಮೆರಾದ ಮಾತು. ಮುಕ್ಕಾಲಿಯ ಮೇಲೆ ಕುಳ್ಳಿರಿಸಿದ ಮರದ ಪೆಟ್ಟಿಗೆ, ತಲೆಯ ಮೇಲೆ ಹೊದೆದುಕೊಳ್ಳುವ ಕರಿಬಟ್ಟೆ, ಭಾರವಾದ ಗಾಜಿನ ಫಲಕಗಳು. ಒಂದು ಫಲಕಕ್ಕೆ ಒಂದೇ ಚಿತ್ರ. ಫಲಕಗಳು ಬೆಳಕನ್ನು ಹೀರುವುದು ನಿಧಾನ. ಆದ್ದರಿಂದ ಚಲಿಸುವ ವಸ್ತುವೆಲ್ಲ ಮಸುಕು. ರೆಕ್ಕೆ ಬಡಿಯುವ ಹಕ್ಕಿಯ ಮುಂದೆ ಸೋಲುವ ಈ ಯಂತ್ರವು ಅಲ್ಲಾಡದೆ ಕುಳಿತ ಹಕ್ಕಿಯ ಮುಂದೆ ಮಾತ್ರ ಗೆಲ್ಲಬಲ್ಲದು. ಅಲ್ಲಾಡದೆ ಕೂರುವುದು ಯಾವ ಹಕ್ಕಿ? ತನ್ನ ಮೈಬಣ್ಣವನ್ನು ನಂಬಿಕೊಂಡ ಹಕ್ಕಿ. ಶತ್ರುವಿನ ಕಣ್ಣನ್ನು ತಪ್ಪಿಸಲು ಯಾವ ನಿಶ್ಚಲತೆಯನ್ನು ಅದು ಕಲಿತಿತ್ತೋ ಅದೇ ನಿಶ್ಚಲತೆಯಿಂದಾಗಿ ಅದು ಗಾಜಿನ ಮೇಲೆ ಸ್ಪಷ್ಟವಾಗಿ ಮೂಡಿತು. ಆದರೆ ಮೂಡಿದ ಮೇಲೆ ಇನ್ನೊಂದು ತೊಡಕು. ಆ ಚಿತ್ರಗಳಿಗೆ ಬಣ್ಣವಿಲ್ಲ. ಮಣ್ಣು, ತರಗೆಲೆ, ಗರಿ ಎಲ್ಲವೂ ಬೂದಿಯ ಛಾಯೆಗಳೇ. ಇದ್ದ ಅಲ್ಪಸ್ವಲ್ಪ ವ್ಯತ್ಯಾಸವೂ ಅಳಿದು, ಕಾಡಿನಲ್ಲಿ ಅರ್ಧ ಅಡಗಿದ್ದ ಹಕ್ಕಿ ಕಾಗದದ ಮೇಲೆ ಪೂರ್ತಿ ಅಡಗುತ್ತಿತ್ತು. ನನ್ನ ಪುಸ್ತಕದ ಕೆಲವು ಪುಟಗಳನ್ನು ದೀಪಕ್ಕೆ ಒಡ್ಡಿ, ಓರೆಯಾಗಿ ಹಿಡಿದು, ಎಷ್ಟೋ ಹೊತ್ತು ನೋಡಿದ್ದುಂಟು. ಅದನ್ನು ಚಿತ್ರಕಾರನ ಸೋಲೆನ್ನಲು ನನಗೆ ಮನಸ್ಸು ಬಾರದು. ಹಕ್ಕಿ ಹೇಗೆ ಕಾಣುವುದಿಲ್ಲ ಎಂಬುದನ್ನು ಇದ್ದಂತೆಯೇ ತೋರಿಸಿದ ಚಿತ್ರಗಳು ಅವು.

ಅದೇ ವರ್ಷಗಳಲ್ಲಿ ಬೇರೆಡೆ ಇದೇ ವಿಷಯವಾಗಿ ತಲೆಕೆಡಿಸಿಕೊಂಡವರಿದ್ದರು. ಆಕ್ಸ್‌ಫರ್ಡಿನ ಪೋಲ್ಟನ್ 1890ರಲ್ಲಿ ಪ್ರಾಣಿಗಳ ಬಣ್ಣಗಳನ್ನು ಕುರಿತು ಪುಸ್ತಕ ಬರೆದಿದ್ದನು. ಅಮೆರಿಕದ ಚಿತ್ರಕಾರ ಆಬಟ್ ಥೇಯರ್ 1896ರಲ್ಲಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದನು. ಬೆಳಕು ಬೀಳುವುದು ಮೇಲಿನಿಂದ. ಆದುದರಿಂದ ಯಾವುದೇ ವಸ್ತುವಿನ ಬೆನ್ನು ಬೆಳಗಿ ಹೊಟ್ಟೆ ಕಪ್ಪಾಗುತ್ತದೆ, ಆ ನೆರಳಿನಿಂದಲೇ ಅದರ ಉಬ್ಬು ತಗ್ಗು ನಮಗೆ ತಿಳಿಯುತ್ತದೆ. ಪ್ರಾಣಿಪಕ್ಷಿಗಳಲ್ಲಿ ಬೆನ್ನಿನ ಬಣ್ಣ ಗಾಢ, ಹೊಟ್ಟೆಯದು ತಿಳಿ. ಬೆಳಕು ಮಾಡಿದುದನ್ನು ಬಣ್ಣವು ಅಳಿಸುತ್ತದೆ. ದುಂಡಾದ ಮೈ ಚಪ್ಪಟೆಯಾಗಿ ತೋರಿ ಹಿನ್ನೆಲೆಯಲ್ಲಿ ಕರಗುತ್ತದೆ. ಚಿತ್ರಕಾರನು ನೆರಳು ಬಳಿದು ಉಬ್ಬು ತೋರಿಸುವುದರ ತದ್ವಿರುದ್ಧ ಕ್ರಿಯೆ ಇದು; ಅದನ್ನು ಕಂಡುಹಿಡಿದವನು ಚಿತ್ರಕಾರನೇ ಆದುದು ಸಹಜವೇ. ಥೇಯರನು ಮುಂದೆ ಇದೇ ಸೂತ್ರದಿಂದ ಎಲ್ಲ ಹಕ್ಕಿಗಳ ಎಲ್ಲ ಬಣ್ಣಗಳನ್ನೂ ವಿವರಿಸಹೊರಟು, ಕೆಂಬಣ್ಣದ ಫ್ಲಮಿಂಗೊ ಕೂಡ ಸಂಜೆಯಾಕಾಶದಲ್ಲಿ ಅಡಗಲೆಂದೇ ಕೆಂಪಾಗಿದೆ ಎಂದು ವಾದಿಸಿ ನಗೆಗೀಡಾದನು. ಜನಪದರು ಮಾತ್ರ ಕಥೆ ಕಟ್ಟುತ್ತಾರೆಂದು ಯಾರು ಹೇಳಿದವರು?

ಕಿಯರ್ಟನ್ನನು ಸಿದ್ಧಾಂತಗಳ ಗೋಜಿಗೆ ಹೆಚ್ಚು ಹೋದವನಲ್ಲ. ಹಕ್ಕಿಯು ಮನುಷ್ಯನಿಂದ ಅಡಗುತ್ತದೆಂದ ಮೇಲೆ ಮನುಷ್ಯನೂ ಹಕ್ಕಿಯಿಂದ ಅಡಗಬೇಕು. ಇಷ್ಟೇ ಆತನ ಸಿದ್ಧಾಂತ. ಹೊಲದಲ್ಲಿ ಮೇಯುವ ದನಕ್ಕೆ ಹಕ್ಕಿ ಅಂಜುವುದಿಲ್ಲವೆಂಬುದು ಹಳ್ಳಿಯ ಹುಡುಗನಾದ ಆತನಿಗೆ ತಿಳಿದಿತ್ತು. ಒಂದು ಎತ್ತಿನ ಚರ್ಮವನ್ನು ಸಂಪಾದಿಸಿ, ಹಗುರಾದ ಚೌಕಟ್ಟಿನ ಮೇಲೆ ಹೊದಿಸಿ, ಒಳಗೆ ಮನುಷ್ಯನೂ ಕ್ಯಾಮೆರಾವೂ ಹಿಡಿಯುವಂತೆ ಒಂದು ಪೊಳ್ಳೆತ್ತನ್ನು ಮಾಡಿಸಿದನು. ನಾಲ್ಕು ಕಾಲಿನ ಮೇಲೆ ನಿಂತ ಈ ಎತ್ತಿನೊಳಗೆ ಚೆರಿಯು ಸೊಂಟ ಬಗ್ಗಿಸಿ ನಿಂತು, ತೂತಿನ ಮೂಲಕ ಮಸೂರವನ್ನು ಗೂಡಿನತ್ತ ತಿರುಗಿಸಿ ಗಂಟೆಗಟ್ಟಲೆ ಕಾಯುತ್ತಿದ್ದನು. ಬೇಸಗೆಯ ಬಿಸಿಲಿನಲ್ಲಿ ಚರ್ಮದ ಒಳಗಿನ ಸೆಕೆಯನ್ನು ಊಹಿಸಿಕೊಳ್ಳಬಹುದು. ಒಮ್ಮೆ ಎತ್ತು ಮಗುಚಿ ನಾಲ್ಕು ಕಾಲೂ ಮೇಲಾಗಿ ಬಿದ್ದಿತು. ಒಳಗಿದ್ದವನಿಗೆ ತಾನಾಗಿ ಏಳಲಾಗದೆ ಇನ್ನೊಬ್ಬನು ಬಂದು ಬಿಡಿಸಬೇಕಾಯಿತು. ಎತ್ತಾದ ಮೇಲೆ ಹುಸಿ ಕುರಿ. ಅದರಲ್ಲಿ ಮನುಷ್ಯನಿಗೆ ಜಾಗವಿಲ್ಲ, ಕ್ಯಾಮೆರಾ ಮಾತ್ರ. ದೂರದಲ್ಲಿ ಮರೆಯಾಗಿ ಕುಳಿತು, ಉದ್ದನೆಯ ರಬ್ಬರ್ ಕೊಳವೆಯ ತುದಿಯ ಚೆಂಡನ್ನು ಅದುಮಿದರೆ ಗಾಳಿಯ ಒತ್ತಡದಿಂದ ಕ್ಯಾಮೆರಾದ ಕಣ್ಣು ತೆರೆಯುತ್ತಿತ್ತು. ಆಮೇಲೆ ಹುಸಿ ಬಂಡೆ, ಹುಸಿ ಮರದ ಬೊಡ್ಡೆ. 1903ರ ‘ವೈಲ್ಡ್ ನೇಚರ್ಸ್ ವೇಸ್’ ಪುಸ್ತಕದಲ್ಲಿ ಈ ಬಹುರೂಪಿಗಳ ಚಿತ್ರಗಳನ್ನು ನೋಡಬಹುದು. ಎತ್ತರದ ಗೂಡುಗಳಿಗೆ ಇನ್ನೊಂದು ಉಪಾಯ. ಮುಕ್ಕಾಲಿಯ ಕಾಲುಗಳನ್ನು ಉದ್ದಮಾಡಿ ನಿಲ್ಲಿಸಿ, ಅಣ್ಣನ ಹೆಗಲ ಮೇಲೆ ತಮ್ಮ ನಿಂತು ಚಿತ್ರ ತೆಗೆಯುವುದು. ಹಾಗೆ ನಿಂತಿರುವ ಅಣ್ಣತಮ್ಮಂದಿರ ಒಂದು ಚಿತ್ರವಿದೆ. ಕೆಳಗೆ ನಿಂತು ಭಾರ ಹೊತ್ತವನು ಒಂದು ಕಾಲು ಸರಿಯಿಲ್ಲದವನೆಂಬುದನ್ನು ತಿಳಿದು ನೋಡಿದರೆ ಆ ಚಿತ್ರದಿಂದ ಕಣ್ಣು ಕೀಳುವುದು ಕಷ್ಟ.

1896ರಲ್ಲಿ ಇಬ್ಬರೂ ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಸೇಂಟ್ ಕಿಲ್ಡಾ ದ್ವೀಪಕ್ಕೆ ಹೋದರು. ಅಲ್ಲಿಯ ಜನರ ಬದುಕೇ ಹಕ್ಕಿ. ಹಗ್ಗಕ್ಕೆ ತೂಗುಬಿದ್ದು ಕಡಲ ಬಂಡೆಗಳಿಂದ ಫುಲ್ಮರ್, ಗ್ಯಾನೆಟ್, ಪಫಿನ್ ಹಕ್ಕಿಗಳನ್ನು ಹಿಡಿದು ತಿಂದು, ಗರಿಯನ್ನೂ ಎಣ್ಣೆಯನ್ನೂ ಗೇಣಿಗೆ ಕೊಡುತ್ತಿದ್ದರು. ಆ ಪ್ರವಾಸದ ಕಥನ ಮರುವರ್ಷದ ‘ವಿತ್ ನೇಚರ್ ಅಂಡ್ ಎ ಕ್ಯಾಮೆರಾ’ದಲ್ಲಿ ಬಂದಿತು. ನಾನು ಕೊಂಡ ರಟ್ಟಿಲ್ಲದ ಪುಸ್ತಕ ಅದೇ. 1930ರಲ್ಲಿ ಕೊನೆಯ ಮೂವತ್ತಾರು ಮಂದಿ ಆ ದ್ವೀಪವನ್ನು ತೊರೆದು ಹೋದುದರಿಂದ, ಹಕ್ಕಿಗಳಿಗಾಗಿ ತೆಗೆದ ಆ ಚಿತ್ರಗಳು ಈಗ ಕಳೆದುಹೋದ ಒಂದು ಜನಸಮುದಾಯದ ದಾಖಲೆಯೂ ಆಗಿವೆ.

ಇಷ್ಟೆಲ್ಲ ಕಷ್ಟಪಟ್ಟು ಹತ್ತಿರ ಹೋಗಿ ನೋಡಿದವರ ಮುಂದೆ ಹಳೆಯ ನಂಬಿಕೆಗಳು ಏನಾದವು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ.

ನತ್ತಿಂಗವನ್ನೇ ತೆಗೆದುಕೊಳ್ಳೋಣ. ಮರೆವೇಷದಲ್ಲಿ ಅದಕ್ಕೆ ಸಾಟಿಯಾದ ಹಕ್ಕಿ ಅಪರೂಪ. ಹಗಲೆಲ್ಲ ತರಗೆಲೆಗಳ ನಡುವೆ ನೆಲಕ್ಕೆ ಅಂಟಿಕೊಂಡು ಮಲಗಿರುತ್ತದೆ. ಮೈಯನ್ನು ಚಪ್ಪಟೆ ಮಾಡಿ ನೆರಳು ಬೀಳದಂತೆ ನೋಡಿಕೊಳ್ಳುತ್ತದೆ. ಗುಟ್ಟು ಬಯಲುಮಾಡಬಲ್ಲ ಅಂಗವೆಂದರೆ ಹೊಳೆಯುವ ದೊಡ್ಡ ಕಣ್ಣು. ಅದನ್ನೂ ಎಳೆಯಷ್ಟು ಬಿಟ್ಟು ಮುಚ್ಚಿರುತ್ತದೆ. ಹಗಲು ಕಾಣದ, ಇರುಳು ದನಿ ಮಾತ್ರ ಕೇಳಿಸುವ, ಮುಸ್ಸಂಜೆ ದನಕುರಿಗಳ ಕಾಲ ಬಳಿ ಸದ್ದಿಲ್ಲದೆ ಸುಳಿಯುವ ಇಂಥ ಹಕ್ಕಿಯ ಬಗ್ಗೆ ಕಥೆ ಹುಟ್ಟದಿದ್ದರೆ ಆಶ್ಚರ್ಯ. ಅದು ಆಡಿನ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಹೀರುವುದು, ಹೀರಿದ ಮೇಲೆ ಕೆಚ್ಚಲು ಬತ್ತಿ ಆಡು ಕುರುಡಾಗುವುದು ಎಂದು ಅರಿಸ್ಟಾಟಲ್ ಬರೆದನು. ಕುಕ್ಕೂವಿನ ವಿಷಯದಲ್ಲಿ ಅಷ್ಟು ಎಚ್ಚರವಾಗಿದ್ದವನು ಇಲ್ಲಿ ಕುರುಬರ ಮಾತನ್ನು ನಂಬಿದನು. ರೋಮಿನ ಪ್ಲಿನಿ ಅದನ್ನೇ ಮತ್ತೆ ಹೇಳಿದನು. 1758ರಲ್ಲಿ ಲಿನೇಯಸ್ ಜೀವಿಗಳಿಗೆಲ್ಲ ಲ್ಯಾಟಿನ್ ಹೆಸರಿಡುವಾಗ ಇದಕ್ಕೆ ಕ್ಯಾಪ್ರಿಮಲ್ಗಸ್, ಎಂದರೆ ಆಡು ಕರೆಯುವುದು, ಎಂದೇ ಹೆಸರಿಟ್ಟನು. ಒಂದು ಸುಳ್ಳು ಹೀಗೆ ವಿಜ್ಞಾನದ ಹೆಸರಿನಲ್ಲಿಯೇ ಶಾಶ್ವತವಾಗಿ ಕುಳಿತಿದೆ. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಹದಿನೆಂಟನೆಯ ಶತಮಾನದಲ್ಲಿಯೇ ಈ ಹಕ್ಕಿಯ ಪರವಾಗಿ ವಾದಿಸಿದ್ದನು. ಎಳಗರುಗಳ ಬೆನ್ನಿನಲ್ಲಿ ಗಂಟುಗಳೇಳುವ ರೋಗಕ್ಕೆ ಈ ಹಕ್ಕಿಯೇ ಕಾರಣವೆಂದು ರೈತರು ದೂರುತ್ತಿದ್ದರು. ಚರ್ಮದಡಿಯ ಆ ಗಂಟುಗಳು ಒಂದು ಜಾತಿಯ ನೊಣದ ಹುಳುಗಳಿಂದಾಗುವುವೆಂದೂ, ಹಕ್ಕಿ ಪಾಪ, ಪತಂಗ ದುಂಬಿಗಳನ್ನು ತಿಂದುಕೊಂಡಿರುವುದೆಂದೂ ಆತನು ಬರೆದಿಟ್ಟನು. ಓದಿದವರು ನಂಬಿದರು, ದನ ಕಾಯುವವರು ಓದಲಿಲ್ಲ. ನೋಡುವುದಕ್ಕೆ ಓದು ಬೇಡವಾದ ಚಿತ್ರವು ಇಂಥಲ್ಲಿ ಮಾಡಬಲ್ಲ ಕೆಲಸ ದೊಡ್ಡದು. ತರಗೆಲೆಯ ಮೇಲೆ ಎರಡು ಮರಿಗಳನ್ನು ಎದೆಯಡಿ ಇಟ್ಟುಕೊಂಡು ಕಣ್ಣು ಮುಚ್ಚಿ ಕುಳಿತ ನತ್ತಿಂಗದ ಚಿತ್ರವನ್ನು ಒಮ್ಮೆ ಕಂಡವನಿಗೆ, ಇರುಳಿನ ಆ ದನಿಯನ್ನು ಸತ್ತ ಕೂಸುಗಳದೆಂದು ಮತ್ತೆ ಅಂಜುವುದು ಸುಲಭವಲ್ಲ. ನಂಬಿಕೆ ಎಂದರೆ ಬರಿಯ ಮಾತಲ್ಲ. ಯಾವ ಹಕ್ಕಿಯನ್ನು ಕಂಡಲ್ಲಿ ಕಲ್ಲೆಸೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಗೊತ್ತುಮಾಡುವುದೂ ಅದೇ.

ಕುಕ್ಕೂವಿನ ವಿಷಯದಲ್ಲಿ ಚಿತ್ರವು ನೇರವಾಗಿ ತೀರ್ಪನ್ನೇ ಕೊಟ್ಟಿತು. ಹೆಣ್ಣು ಕುಕ್ಕೂ ಮೊಟ್ಟೆಯನ್ನು ನೆಲದ ಮೇಲಿಟ್ಟು, ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ ಪರಹಕ್ಕಿಯ ಗೂಡಿನಲ್ಲಿ ಸೇರಿಸುತ್ತದೆಂದು ಹಳ್ಳಿಗರು ಮಾತ್ರವಲ್ಲದೆ ಅನೇಕ ಪಂಡಿತರೂ ನಂಬಿದ್ದರು. ಎಡ್ಗರ್ ಚಾನ್ಸ್ ಎಂಬಾತನು ವೂಸ್ಟರ್‌ಷೈರಿನ ಒಂದು ಬಯಲಿನಲ್ಲಿ ವರ್ಷಗಟ್ಟಲೆ ಒಂದೇ ಕುಕ್ಕೂವನ್ನು ಕಾದು, 1921ರಲ್ಲಿ ಆಲಿವರ್ ಪೈಕನನ್ನು ಗೂಡಿನ ಬಳಿ ಮರೆಯಲ್ಲಿ ಕುಳ್ಳಿರಿಸಿ ಚಲನಚಿತ್ರ ತೆಗೆಯಿಸಿದನು. ಹಕ್ಕಿ ಬಂದು, ಗೂಡಿನ ಮೇಲೆ ಕುಳಿತು, ಕೆಲವೇ ಕ್ಷಣಗಳಲ್ಲಿ ನೇರವಾಗಿ ಮೊಟ್ಟೆಯಿಟ್ಟು ಹಾರಿಹೋದುದು ಎಲ್ಲರ ಕಣ್ಣಿಗೂ ಕಂಡಿತು. ಕೊಕ್ಕಿನಲ್ಲಿ ಅದು ಮೊಟ್ಟೆಯನ್ನು ಕಚ್ಚಿಕೊಂಡಿದ್ದುದು ನಿಜವೇ. ಆದರೆ ಅದು ಗೂಡಿನೊಡತಿಯ ಮೊಟ್ಟೆ, ಕದ್ದುಕೊಂಡು ಹೋಗುತ್ತಿದ್ದುದು. ಜನ ಕಂಡದ್ದು ಸುಳ್ಳಲ್ಲ, ಕಂಡದ್ದಕ್ಕೆ ಕೊಟ್ಟ ಅರ್ಥ ತಪ್ಪು. ಇಂಥ ತಪ್ಪು ನಮ್ಮ ಸಾಹಿತ್ಯ ವಿಮರ್ಶೆಯಲ್ಲಿಯೂ ಅಪರೂಪವಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಲೇಖನ ಅನುಕೂಲವಾಗಿ ಮುಗಿಯುತ್ತಿತ್ತು. ಆದರೆ ನನ್ನದೇ ಒಂದು ಸಾಲ ಉಳಿದಿದೆ.

ನಾನು ಅಧ್ಯಾಪಕನಾಗಿ ಸೇರಿದ ಮೊದಲ ವರ್ಷಗಳಲ್ಲಿ, ಜನಪದ ನಂಬಿಕೆಗಳನ್ನು ಕುರಿತು ಪಾಠ ಹೇಳುತ್ತಿದ್ದಾಗ, ಬಯಲುಸೀಮೆಯ ಕುರಿಗಾಹಿಗಳ ಮನೆತನದಿಂದ ಬಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು ತನ್ನ ತಾತನ ಮಾತೊಂದನ್ನು ಹೇಳಿದ. ಕಾವಿಗೆ ಕೂತ ಕೌಜುಗದ ವಾಸನೆ ನಾಯಿಗೆ ಹತ್ತುವುದಿಲ್ಲವಂತೆ. ಮೊಟ್ಟೆಯಿರುವ ತನಕ ಹಕ್ಕಿ ತನ್ನ ವಾಸನೆಯನ್ನು ಒಳಗೆ ಎಳೆದುಕೊಳ್ಳುತ್ತದಂತೆ. ನಾನು ನಕ್ಕೆ. ಮೂಢನಂಬಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದೆಂದು ಹೇಳಿ ಕರಿಹಲಗೆಯ ಮೇಲೆ ಬರೆದೂ ಬರೆದೆ. ತರಗತಿಯೂ ನಕ್ಕಿತು. ಆ ಹುಡುಗ ಕುಳಿತುಕೊಂಡ. ಆ ವರ್ಷ ಮತ್ತೆ ಅವನು ತರಗತಿಯಲ್ಲಿ ಬಾಯಿ ಬಿಟ್ಟ ನೆನಪು ನನಗಿಲ್ಲ.

ಕಿಯರ್ಟನ್ ಬೆಳೆದ ಬೇಟೆಗಾವಲಿನವರ ಲೋಕದಲ್ಲಿಯೂ ಇದೇ ನಂಬಿಕೆಯಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ನೆಲದ ಮೇಲೆ ಗೂಡು ಮಾಡುವ ಹಕ್ಕಿ ಕಾವಿಗೆ ಕುಳಿತಾಗ ಪಳಗಿದ ಬೇಟೆನಾಯಿಯೂ ಅದನ್ನು ಮೂಸದೆ ಪಕ್ಕದಲ್ಲಿಯೇ ಹಾದುಹೋಗುತ್ತದೆಂದು ಬ್ರಿಟನ್ನಿನ ಕಾವಲುಗಾರರು ಹೇಳುತ್ತಿದ್ದರು. ಇದನ್ನು ಪರೀಕ್ಷಿಸಲು ಕ್ಯಾಮೆರಾದಿಂದ ಆಗದು, ವಾಸನೆಗೆ ಚಿತ್ರವಿಲ್ಲ. ನೂರು ವರ್ಷಗಳ ಬಳಿಕ, 2005ರಲ್ಲಿ, ನೆದರ್ಲೆಂಡಿನ ಸಂಶೋಧಕರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಹಕ್ಕಿಗಳು ಬಾಲದ ಬುಡದ ಗ್ರಂಥಿಯಿಂದ ಮೇಣದಂಥ ಜಿಡ್ಡನ್ನು ಕೊಕ್ಕಿನಿಂದ ತೆಗೆದು ಗರಿಗಳಿಗೆ ಹಚ್ಚಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ನೆಲದ ಮೇಲೆ ಗೂಡು ಮಾಡುವ, ಗದ್ದೆಗೊರವದ ಬಳಗದ ಹಕ್ಕಿಗಳಲ್ಲಿ ಕಾವಿನ ಕಾಲ ಬಂದಾಗ ಈ ಮೇಣವೇ ಬದಲಾಗುತ್ತದೆ. ಬೇಗ ಆವಿಯಾಗುವ ಹಗುರ ಮೇಣ ಹೋಗಿ, ಸುಲಭವಾಗಿ ಆವಿಯಾಗದ ಭಾರದ ಮೇಣ 
ಬರುತ್ತದೆ. ವಾಸನೆ ಹಿಡಿಯಲು ಕಲಿಸಿದ ನಾಯಿಯ ಮುಂದೆ ಎರಡನ್ನೂ ಇಟ್ಟು ನೋಡಿದರೆ, ಕಾವಿನ ಕಾಲದ ಮೇಣವನ್ನು ಪತ್ತೆಹಚ್ಚುವುದು ಅದಕ್ಕೆ ಹೆಚ್ಚು ಕಷ್ಟವಾಯಿತು. ಬಣ್ಣದಿಂದ ಕಣ್ಣನ್ನು ಮರೆಮಾಚುವ ಹಕ್ಕಿ ಮೂಗನ್ನೂ ಮರೆಮಾಚುತ್ತದೆ. ಕೌಜುಗದ ಮಾತು ಅದರಿಂದ ಪೂರ್ತಿ ಸ್ಥಾಪಿತವಾಯಿತೆಂದು ನಾನು ಹೇಳುತ್ತಿಲ್ಲ. ಅದು ಬೇರೆ ಬಳಗದ ಹಕ್ಕಿ. ಆದರೆ ಆ ತಾತ ನಾಯಿಯ ಹಿಂದೆ ನಡೆದು ಕಂಡು ಹೇಳಿದ ಮಾತನ್ನು, ಏನನ್ನೂ ಕಾಣದ ನಾನು ಕರಿಹಲಗೆಯ ಮೇಲೆ ಬರೆದು ನಗಿಸಿದೆನೆಂಬುದು ಸ್ಥಾಪಿತವಾಯಿತು. ಪ್ರಬಂಧದ ಸುದ್ದಿ ನನಗೆ ತಿಳಿಯುವಷ್ಟರಲ್ಲಿ ಆ ವಿದ್ಯಾರ್ಥಿ ಕಾಲೇಜು ಬಿಟ್ಟು ಬಹಳ ವರ್ಷಗಳಾಗಿದ್ದವು. ಈಗ ಆ ಪಾಠ ಬಂದಾಗಲೆಲ್ಲ ಈ ಕಥೆಯನ್ನೂ ಸೇರಿಸಿ ಹೇಳುತ್ತೇನೆ.

ಕಿಯರ್ಟನ್ನನ ಮುಂದಿನ ಬದುಕನ್ನು ಬೇಗನೆ ಹೇಳಿಬಿಡಬಹುದು. ಕಚೇರಿಯ ಕೆಲಸ ಬಿಟ್ಟು ಬರವಣಿಗೆಯನ್ನೂ ಉಪನ್ಯಾಸವನ್ನೂ ಜೀವನವಾಗಿ ಮಾಡಿಕೊಂಡನು. ದೀಪದ ಪೆಟ್ಟಿಗೆಯಿಂದ ಚಿತ್ರಗಳನ್ನು ಪರದೆಯ ಮೇಲೆ ಬಿಡುತ್ತ, ಹಕ್ಕಿಯ ಕೂಗುಗಳನ್ನು ಕೂಗಿ ತೋರಿಸುತ್ತ ಊರೂರು ಸುತ್ತಿದನು. ಪುಸ್ತಕಗಳು ಒಂದರ ಹಿಂದೊಂದು ಬಂದವು. ತಮ್ಮನ ದಾರಿ ಬೇರೆಯಾಯಿತು. ಚೆರಿಯು ಚಲನಚಿತ್ರವನ್ನು ಹಿಡಿದು ಆಫ್ರಿಕಕ್ಕೆ ಹೋದನು. ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ 1909ರಲ್ಲಿ ಅಲ್ಲಿ ಬೇಟೆಯಾಡುತ್ತಿದ್ದಾಗ ಚಿತ್ರ ತೆಗೆದನು. ಸಿಂಹ ಆನೆಗಳ ಮುಂದೆ ಗ್ರೌಸ್ ಥ್ರಷ್‌ಗಳು ಮಂಕಾದವು. ತಮ್ಮನ ಹೆಸರಿನ ಮುಂದೆ ಅಣ್ಣನ ಹೆಸರೂ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಕೊಡುವ ಪದಕವೊಂದು ಚೆರಿಯ ಹೆಸರಿನಲ್ಲಿದೆ. ಎಂಟು ವರ್ಷದ ಬಾಲಕ ಡೇವಿಡ್ ಆಟನ್‌ಬರೋ ಮನಸೋತುದೂ ಚೆರಿಯ ಉಪನ್ಯಾಸಕ್ಕೆ. ನನಗೇಕೋ ಅಣ್ಣನ ಮೇಲೆಯೇ ಪಕ್ಷಪಾತ. ಸಿಂಹ ಯಾರ ಕಣ್ಣಿಗಾದರೂ ಬೀಳುತ್ತದೆ. ಹೆದರ್ ಪೊದೆಯೊಳಗಿನ ಕಂದು ಹಕ್ಕಿಯನ್ನು ಕಾಣಲು ಅಲ್ಲಿಯೇ ಹುಟ್ಟಿ ಬೆಳೆದ ಕಣ್ಣು ಬೇಕು.

ಅವರ ಕೆಲಸ ನಿರ್ದೋಷವಾಗಿತ್ತೆಂದು ಹೇಳಲಾರೆ. ಗೂಡಿನ ಸಮೀಪ ಹೊತ್ತುಗಟ್ಟಲೆ ಇದ್ದರೆ ಹಕ್ಕಿಗೆ ತೊಂದರೆಯಾಗದೆ ಇರದು. ಗೂಡನ್ನು ಮರೆಮಾಡಿದ ಎಲೆಕೊಂಬೆಗಳನ್ನು ಸರಿಸುವುದು ಅಂದಿನ ಚಿತ್ರಕಾರರಲ್ಲಿ ವಾಡಿಕೆಯಾಗಿತ್ತು. ಸರಿಸಿದ ಕೊಂಬೆ ಕಾಗೆಗೂ ದಾರಿ ತೋರಿಸುತ್ತದೆ. ಈಗ ನಮ್ಮ ದೇಶದಲ್ಲಿಯೂ ಗೂಡಿನ ಚಿತ್ರಗಳನ್ನು ಸ್ವೀಕರಿಸದ ಛಾಯಾಚಿತ್ರ ಸ್ಪರ್ಧೆಗಳಿವೆ. ಈ ನಿಯಮವನ್ನು ಓದಿದಾಗ ನನ್ನ ಮೊಬೈಲಿನ ಟಿಟ್ಟಿಭದ ಮೊಟ್ಟೆಗಳ ಚಿತ್ರ ನೆನಪಾಗಿ ನಾಚಿಕೆಯೂ ಆಯಿತು. ಆದರೆ ಕೋವಿಯೂ ಮೊಟ್ಟೆಯ ಪೆಟ್ಟಿಗೆಯೂ ಪಕ್ಷಿವಿದ್ಯೆಯ ಉಪಕರಣಗಳಾಗಿದ್ದ ಕಾಲದಲ್ಲಿ ಅವೆರಡನ್ನೂ ಬದಿಗಿಡಬಹುದೆಂದು ತೋರಿಸಿಕೊಟ್ಟವರು ಇವರೇ ಎಂಬುದನ್ನು ಮರೆತು ಇಂದಿನ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ರಿಚರ್ಡ್ ಕಿಯರ್ಟನ್ 1928ರ ಫೆಬ್ರವರಿ 8ರಂದು ತೀರಿಕೊಂಡನು. ಚೆರಿಯು 1940ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ, ಬಿ.ಬಿ.ಸಿ.ಯಲ್ಲಿ ಮಕ್ಕಳಿಗಾಗಿ ಒಂದು ಭಾಷಣ ಮುಗಿಸಿ ಹೊರಗೆ ಬಂದವನು ಅಲ್ಲಿಯೇ ಕುಸಿದು ಸತ್ತನು. ತ್ವೇಟ್ ಹಳ್ಳಿಯಲ್ಲಿ ಅವರ ಮನೆಯ ಬಾಗಿಲ ಮೇಲೆ ಕಲ್ಲಿನಲ್ಲಿ ಪ್ರಾಣಿಪಕ್ಷಿಗಳನ್ನು ಕೆತ್ತಿದ್ದಾರೆ. ಅಲ್ಲಿಂದ ಒಂದು ಮೈಲಿಯಷ್ಟು ದೂರದ ಮ್ಯೂಕರಿನಲ್ಲಿ, ಅಣ್ಣತಮ್ಮಂದಿರು ಓದಿದ ಶಾಲೆಯ ಗೋಡೆಯ ಮೇಲೆ ಇಬ್ಬರ ಹೆಸರಿನ ಎರಡು ಫಲಕಗಳಿವೆ.